ನಿಗೂಢ ಅಂದವರು ಯಾರು?

(ಶಿರೋಳದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.)

ಇವತ್ತು ಭೂಮಿ, ಕೂಲಿ, ಸ್ಕಾಲರ್‌ಶಿಪ್ಪು ಬಿಟ್ಟು ರೋಗದ ಮಾತು ತೆಗೆದಿದ್ದೇವೆ. ಚಳವಳಿಯವರಿಗೆ ದವಾಖಾನಿ ಮಾತು ಯಾಕ ಬೇಕು ಅಂತ ಹಿಂದೆ ಕುಂತವರು ಯಾರೋ ಗೊಣಗಿದ್ದು ಕೇಳಿಸಿತು. ಬೇಕು ತಮ್ಮಾ. ಯಾಕ ಬೇಕು ಅನ್ನೋದಕ್ಕ ಮೊದಲು ನಮ್ಮದೇ ಒಂದು ತಪ್ಪು ಒಪ್ಪಿಕೊಂಡು ಮುಂದೆ ಹೋಗುತ್ತೇವೆ.

ನಾವು ಓದುತ್ತಿದ್ದ ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗನಿಗೆ ಮೂರ್ಛೆ ಬರುತ್ತಿತ್ತು. ಬಿದ್ದು ಕೈಕಾಲು ಸೆಟೆದಾಗ ಒಬ್ಬ ಕೈಯಾಗ ಕೀಲಿಕೈ ಹಿಡಿಸುತ್ತಿದ್ದ, ಇನ್ನೊಬ್ಬ ಚಪ್ಪಲಿ ಮೂಸಿಸುತ್ತಿದ್ದ. ಎರಡನೇ ಸಲ ಬಿದ್ದ ಮ್ಯಾಲೆ ಅವನ ಪಕ್ಕದ ಚಾಪೆ ಖಾಲಿಯಾಯಿತು. ವಾರದೊಳಗೆ ಅವನ ತಾಟು ಬೇರೆ, ಲೋಟ ಬೇರೆ. ಇದನ್ನು ಯಾವ ಗೌಡರೂ ಬಂದು ಮಾಡಲಿಲ್ಲ, ಯಾವ ಪುರೋಹಿತರೂ ಹೇಳಿಕೊಡಲಿಲ್ಲ. ಊರ ಚಹಾದಂಗಡಿಯಲ್ಲಿ ಬೇರೆ ಲೋಟದಾಗ ಕುಡಿದು ಬಂದ ನಾವೇ ನಮ್ಮವನೊಬ್ಬನಿಗೆ ಬೇರೆ ಲೋಟ ಇಟ್ಟೆವು. ಮೂರ್ಛೆರೋಗ ಮುಟ್ಟಿದರೆ ಅಂಟುವುದಿಲ್ಲ, ಗುಳಿಗೆ ತಗೊಂಡರೆ ಬಹಳ ಮಂದಿಗೆ ಹತೋಟಿಗೆ ಬರುತ್ತದೆ ಅನ್ನೋದು ನಮಗೆ ಗೊತ್ತಾಗುವಷ್ಟರಲ್ಲಿ ಅವನು ಹಾಸಿಗೆ ಸುತ್ತಿಕೊಂಡು ಊರಿಗೆ ಹೋಗಿದ್ದ. ಸಾಲಿ ಅಲ್ಲಿಗೇ ನಿಂತಿತು.

ಅಂಜಿಕೆ ಬಂದಾಗ ಮನುಷ್ಯ ಮೊದಲು ಮಾಡೋದು ಬೇಲಿ ಹಾಕೋದು. ಬೇಲಿ ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆದ್ದರಿಂದಲೇ ಇವತ್ತು ಹಂದಿಗೋಡಿನ ಕಥೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಅಂತ ಒಂದು ಹಳ್ಳಿ ಇದೆ. ಸಾಗರ ಅಂದ ಕೂಡಲೇ ನಿಮ್ಮಲ್ಲಿ ಓದಿದವರಿಗೆ 1951ರ ಕಾಗೋಡು ಸತ್ಯಾಗ್ರಹ ನೆನಪಾಗಬೇಕು. ಗೇಣಿದಾರರು ಎದ್ದು ನಿಂತ ನೆಲ ಅದು, ಲೋಹಿಯಾ ಬಂದು ಬಂಧನಕ್ಕೊಳಗಾದ ನೆಲ. ಅದೇ ತಾಲೂಕಿನಲ್ಲಿ 1974–75ರ ಸುಮಾರಿಗೆ ಒಂದು ಸುದ್ದಿ ಹೊರಗೆ ಬಂತು. ಕೂಲಿ ಮಾಡಿಕೊಂಡಿದ್ದ ಜನಕ್ಕೆ ಸೊಂಟ ಹಿಡಿಯುತ್ತಿದೆ, ತೊಡೆಯ ಸಂದಿನಲ್ಲಿ ತಾಳಲಾರದ ನೋವು, ಮೊದಲು ಕುಂಟು, ಆಮೇಲೆ ಕೋಲು, ಕೊನೆಗೆ ಕುಂಡೆಯ ಮೇಲೆ ತೆವಳಾಟ. ಕೆಲವರ ಬೆನ್ನು ಮೊಟಕಾಗಿದೆ, ಕೆಲವರು ಕುಳ್ಳರಾಗಿಯೇ ಉಳಿದಿದ್ದಾರೆ. ತಲೆ ಮಾತ್ರ ಸರಿಯಾಗಿದೆ, ಬುದ್ಧಿಗೆ ಏನೂ ಆಗಿಲ್ಲ. ಹುಡುಕುತ್ತ ಹೋದಂತೆ ಸಾಗರದ ಆಚೆ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಇಂಥ ಮನೆಗಳು ಸಿಕ್ಕವು. ಯಾರ ಮನೆಗಳು? ಛಲವಾದಿಗಳವು, ಚನ್ನಂಗಿಗಳವು. ನಮ್ಮವೇ.

ಪತ್ರಿಕೆಗಳು ಇದಕ್ಕೆ 'ನಿಗೂಢ ಕಾಯಿಲೆ' ಅಂತ ಹೆಸರಿಟ್ಟವು. ಇವತ್ತಿಗೂ ಆ ಹೆಸರು ಬಿಟ್ಟಿಲ್ಲ. ನಿಗೂಢ ಅನ್ನೋ ಮಾತು ಕೇಳಲಿಕ್ಕೆ ಚಂದ. ಆದರೆ ಅದರಿಂದ ಏನಾಗುತ್ತದೆ ನೋಡ್ರಿ: ನಿಗೂಢ ಅಂದ ಮೇಲೆ ಯಾರೂ ಜವಾಬ್ದಾರರಲ್ಲ. ದೇವರು ಮಾಡಿದ್ದು, ಕರ್ಮ ಮಾಡಿದ್ದು, ಚೌಡಿ ಮುನಿದದ್ದು. ತೆವಳುವವನಿಗೆ ತನ್ನ ಸೊಂಟ ನಿಗೂಢ ಅಲ್ಲ. ಬೆಳಗಿನ ಜಾವ ಬಹಿರ್ದೆಸೆಗೆ ಹೋಗಲಿಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋದು ಅವನಿಗೆ ಗೊತ್ತು.

1975ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವೈದ್ಯರು ಬಂದರು. ಕೃಷ್ಣಮಾಚಾರಿ ಮತ್ತು ಭಟ್ ಅನ್ನುವವರು. ಅವರು ಆಮೇಲೆ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಅನ್ನುವ ಅರ್ಥದ ಹೆಸರಿನಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ಬಲವಾಗಿ ಹಬ್ಬಿದ ಅನುಮಾನ ಏಡಿಯ ಮೇಲಿತ್ತು. ಹಸಿರು ಕ್ರಾಂತಿ ಅಂತ ಹೊಸ ಬೀಜ, ಗೊಬ್ಬರ, ಕೀಟನಾಶಕ ಬಂದಿದ್ದ ಕಾಲ. ನಮ್ಮ ಕಡೆ ಹತ್ತಿಗೆ 'ಎಣ್ಣಿ ಹೊಡಿಯೋದು' ಅಂತೀವಲ್ಲ, ಅದೇ. ಎಂಡ್ರಿನ್, ಪ್ಯಾರಾಥಿಯಾನ್ ಅನ್ನೋ ವಿಷಗಳನ್ನು ಗದ್ದೆಗೆ ಹೊಡೆಯುತ್ತಿದ್ದರು. ಗದ್ದೆಯ ನೀರಿನಲ್ಲಿ ಏಡಿ, ಮೀನು ಸತ್ತು ತೇಲುತ್ತಿದ್ದವು. ನಾಟಿಗೆ ಹೋದ ಕೂಲಿಯವರು ಅದನ್ನು ಆರಿಸಿಕೊಂಡು ಬಂದು ಸಾರು ಮಾಡಿ ತಿನ್ನುತ್ತಿದ್ದರು. ಗದ್ದೆಯ ಒಡೆಯರು ಏಡಿ ತಿನ್ನುವುದಿಲ್ಲ, ಅವರಿಗೆ ರೋಗ ಇಲ್ಲ. ನಮ್ಮವರು ತಿನ್ನುತ್ತಾರೆ, ನಮ್ಮವರಿಗೆ ರೋಗ ಇದೆ. ಲೆಕ್ಕ ಸರಿಹೋಯಿತು.

ಬಂಧುಗಳೇ, ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಈ ಲೆಕ್ಕ ಎರಡು ಕಡೆಯವರಿಗೂ ಇಷ್ಟವಾಯಿತು. ಮೇಲಿನವರಿಗೆ ಯಾಕೆ ಇಷ್ಟ? "ಸತ್ತದ್ದು ತಿಂದರೆ ಇನ್ನೇನಾಗ್ತದ" ಅನ್ನಲಿಕ್ಕೆ ಬಾಯಿ ಸಿಕ್ಕಿತು. ನಮ್ಮ ಹೊಟ್ಟೆ, ನಮ್ಮ ತಾಟು ಅವರಿಗೆ ಯಾವತ್ತೂ ತಮಾಷೆಯ ವಸ್ತು. ಏಡಿ ಯಾಕೆ ತಿಂತಾರೆ, ಅವರಿಗೆ ತುತ್ತು ಅನ್ನದ ಜೊತೆಗೆ ಬೇರೆ ಏನಿತ್ತು ಅಂತ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ನಮ್ಮಂಥವರಿಗೆ ಯಾಕೆ ಇಷ್ಟ? ವಿಷ ಹೊಡೆಸಿದವನು ಭೂಮಾಲೀಕ, ವಿಷ ಮಾರಿದ್ದು ಕಂಪನಿ, ತಿಂದು ಸೊಂಟ ಕಳಕೊಂಡವನು ಕೂಲಿಯವನು. ಭಾಷಣಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಎಲ್ಲಿ ಸಿಗಬೇಕು! ನಾವೂ ವೇದಿಕೆ ಮೇಲೆ ಹಾಗೇ ಮಾತಾಡಿದ್ದೇವೆ, ಚಪ್ಪಾಳೆಯೂ ಬಿದ್ದಿದೆ.

ಆದರೆ ಅದು ಪೂರ್ತಿ ನಿಜ ಆಗಿರಲಿಲ್ಲ.

1980ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತೆ ದೊಡ್ಡ ತನಿಖೆ ಮಾಡಿಸಿತು. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಡಾ. ಎಸ್.ಎಸ್. ಅಗರ್‌ವಾಲ್ ಮತ್ತು ಅವರ ಸಂಗಡಿಗರು ಮನೆ ಮನೆಯ ವಂಶಾವಳಿ ಬರೆದರು, ಎಕ್ಸ್‌ರೇ ತೆಗೆದರು. ಅಜ್ಜ, ಅಪ್ಪ, ಮಗ ಅಂತ ರೋಗ ಇಳಿದು ಬಂದ ದಾರಿ ಕಾಗದದ ಮೇಲೆ ಕಾಣಿಸಿತು. ಎಕ್ಸ್‌ರೇದಾಗ ಇನ್ನೊಂದು ಕಾಣಿಸಿತು: ಇದು ಸರಿಯಾಗಿ ಬೆಳೆದ ಮೂಳೆ ಆಮೇಲೆ ವಿಷದಿಂದ ಕೆಟ್ಟದ್ದಲ್ಲ, ಬೆಳೆಯುವಾಗಲೇ ಮೂಳೆಯ ತುದಿ ಸರಿಯಾಗಿ ರೂಪುಗೊಂಡಿಲ್ಲ. ತೊಡೆಯೆಲುಬಿನ ಮೇಲಿನ ತುದಿ ಚೆಂಡಿನಂತೆ ದುಂಡಗಿರಬೇಕು, ಸೊಂಟದ ಬಟ್ಟಲಿನಲ್ಲಿ ಸಲೀಸಾಗಿ ತಿರುಗಬೇಕು. ಬಂಡಿಯ ಗುಂಬ ಮತ್ತು ಅಚ್ಚು ಇದ್ದಂಗೆ. ಇಲ್ಲಿ ಚೆಂಡು ಚಪ್ಪಟೆ, ಬಟ್ಟಲು ಓರೆ. ತಿಕ್ಕಿ ತಿಕ್ಕಿ ಹರೆಯದಲ್ಲೇ ಕೀಲು ಸವೆದುಹೋಗುತ್ತದೆ. ಕೆಲವರಿಗೆ ಸೊಂಟದ ಕೀಲಷ್ಟೇ, ಕೆಲವರಿಗೆ ಬೆನ್ನುಮೂಳೆಯೂ ಸೇರಿ, ಇನ್ನು ಕೆಲವರಿಗೆ ಕೈಕಾಲಿನ ಬೆಳವಣಿಗೆಯೇ ಕುಂಠಿತ. ಹೀಗೆ ಮೂರು ಬಗೆ ಅಂತ ವಿಂಗಡಿಸಿದರು. 1994ರಲ್ಲಿ ಇದು ಪ್ರಕಟವಾಯಿತು. ಇದು ವಂಶವಾಹಿಯ ದೋಷ. ಅಪ್ಪ ಅವ್ವ ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು. ಹುಟ್ಟುವ ಪ್ರತಿಯೊಂದು ಕೂಸಿಗೂ ನಾಣ್ಯ ಚಿಮ್ಮಿದಂಗೆ: ಅರ್ಧ ಬರುವ ಸಾಧ್ಯತೆ, ಅರ್ಧ ಬಾರದಿರುವ ಸಾಧ್ಯತೆ. ಮೊದಲನೇ ಕೂಸಿಗೆ ಬಂತು ಅಂತ ಎರಡನೆಯದಕ್ಕೆ ತಪ್ಪುವುದಿಲ್ಲ. ಪ್ರತಿಸಲವೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ.

ಹಾಗಾದರೆ ವಿಷ ನಿರಪರಾಧಿಯೇ? ಹಂದಿಗೋಡಿನ ಈ ಕಾಯಿಲೆಗೆ ಅದು ಮೂಲ ಅಲ್ಲ ಅಂದರೆ ಎಲ್ಲ ಕಡೆಯೂ ಅಲ್ಲ ಅಂತಲ್ಲ. ಎಂಡ್ರಿನ್ ಎಷ್ಟು ಕೆಟ್ಟದ್ದೆಂದರೆ 1990ರಲ್ಲಿ ಅದನ್ನು ದೇಶದಲ್ಲೇ ನಿಷೇಧ ಮಾಡಬೇಕಾಯಿತು. ಕಾಸರಗೋಡಿನ ಕಡೆ, ನಮ್ಮ ಕನ್ನಡಿಗರೇ ಇರುವ ಪಡ್ರೆಯಂಥ ಹಳ್ಳಿಗಳಲ್ಲಿ, ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, 2000ದವರೆಗೆ. ಅಲ್ಲಿ ಹುಟ್ಟಿದ ಮಕ್ಕಳ ಸ್ಥಿತಿಯನ್ನು ಮೊದಲು ಗಮನಿಸಿ ದನಿ ಎತ್ತಿದವರಲ್ಲಿ ಅಲ್ಲಿನ ಹಳ್ಳಿಯ ಡಾಕ್ಟರು ಮೋಹನ ಕುಮಾರ್ ಒಬ್ಬರು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿದ್ದು 2011ರಲ್ಲಿ. ಜಪಾನಿನ ಮಿನಮಾಟದಲ್ಲಿ ಇದಕ್ಕಿಂತ ಮೊದಲೇ, 1956ರಲ್ಲಿ, ಬೆಸ್ತರ ಕೇರಿಯ ಮಕ್ಕಳು ನಡೆಯಲಾರದೆ, ಮಾತಾಡಲಾರದೆ ಬಿದ್ದರು. ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಅದನ್ನೂ ಮೊದಲು 'ವಿಚಿತ್ರ ರೋಗ' ಅಂದರು, ಅಂಟುರೋಗ ಅಂತ ಆ ಮನೆಗಳನ್ನು ದೂರ ಇಟ್ಟರು. ಕಡೆಗೆ ನೋಡಿದರೆ ಚಿಸ್ಸೋ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ. ಮೀನು ತಿಂದವರ ನರಗಳಿಗೆ ಅದು ಸೇರಿತ್ತು. ಸರ್ಕಾರ ಒಪ್ಪಿಕೊಂಡಿದ್ದು 1968ರಲ್ಲಿ, ಹನ್ನೆರಡು ವರ್ಷ ತಡವಾಗಿ.

ಮಿನಮಾಟದಲ್ಲಿ ಮೀನು ಕಾರಣವಾಗಿತ್ತು, ಹಂದಿಗೋಡಿನಲ್ಲಿ ಏಡಿ ಕಾರಣವಾಗಿರಲಿಲ್ಲ. ಯಾವುದು ಯಾವುದು ಅಂತ ತಿಳಿಯಲಿಕ್ಕೆ ನಮ್ಮ ಸಿಟ್ಟು ಸಾಲದು, ವಂಶಾವಳಿ ಬೇಕು, ಎಕ್ಸ್‌ರೇ ಬೇಕು, ನೀರು ಮಣ್ಣಿನ ಪರೀಕ್ಷೆ ಬೇಕು. ನಮಗೆ ಬೇಕಾದ ಕಾರಣವನ್ನೇ ಹಿಡಿದು ಕುಂತರೆ ತೆವಳುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಇನ್ನು ಕಷ್ಟದ ಮಾತಿಗೆ ಬರೋಣ. 'ವಂಶದ ದೋಷ' ಅಂದ ಕೂಡಲೇ ನಮ್ಮ ಎದೆಗೆ ಚುಚ್ಚುತ್ತದೆ. ಸಾವಿರಾರು ವರ್ಷ ನಮ್ಮ ರಕ್ತವೇ ಕೆಟ್ಟದ್ದು ಅಂದರು. ಈಗ ಬಿಳಿ ಕೋಟು ಹಾಕಿಕೊಂಡು ಬಂದು ಅದನ್ನೇ ಹೇಳುತ್ತಾರಲ್ಲ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದರಿಂದಲೇ ನಮ್ಮಲ್ಲಿ ಕೆಲವರು ಈ ವರದಿಗಳನ್ನು ನಂಬಲಿಲ್ಲ. ಆದರೆ ನೋಡ್ರಿ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ವಂಶದಲ್ಲಿ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಇತ್ತು. ಅವಳ ಒಬ್ಬ ಮಗನಿಗೆ ಬಂತು. ಮೊಮ್ಮಗಳು ರಶಿಯಾದ ಝಾರ್ ದೊರೆಗೆ ಹೆಂಡತಿಯಾಗಿ ಹೋದಳು, ಅವಳ ಮಗ ಯುವರಾಜ ಅಲೆಕ್ಸಿಗೆ ಬಂತು. ರಾಜಮನೆತನಗಳು ರಾಜಮನೆತನಗಳಿಂದಲೇ ಹೆಣ್ಣು ತಂದವು, ದೋಷವೂ ಕಿರೀಟದ ಜೊತೆಗೇ ತಿರುಗಾಡಿತು. ಆಂಧ್ರದ ವೈಶ್ಯ ಸಮುದಾಯದ ಕೆಲವರಲ್ಲಿ ಅರಿವಳಿಕೆಗೆ ಕೊಡುವ ಒಂದು ಔಷಧವನ್ನು ಒಡೆಯುವ ಕಿಣ್ವ ಇರುವುದಿಲ್ಲ. ಆಪರೇಶನ್ ಮುಗಿದರೂ ಉಸಿರಾಟದ ಸ್ನಾಯುಗಳು ಬಹಳ ಹೊತ್ತು ಕೆಲಸ ಮಾಡುವುದಿಲ್ಲ. ಅವರ ರಕ್ತ ಕೀಳು ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಯಾರೂ ಹೇಳಿಲ್ಲ, ಹೇಳಲೂಬಾರದು. ವಂಶವಾಹಿಗೆ ಮನುಸ್ಮೃತಿ ಗೊತ್ತಿಲ್ಲ. ಎಲ್ಲಿ ಬೇಕಾದರೂ ಒಂದು ಅಕ್ಷರ ತಪ್ಪಬಹುದು, ಯಾರ ಮನೆಯಲ್ಲಾದರೂ.

ಹಾಗಾದರೆ ಇದು ಎರಡು ಜಾತಿಗಳಲ್ಲೇ ಯಾಕೆ ನಿಂತಿತು? ಇದಕ್ಕೆ ಉತ್ತರ ಹುಡುಕುವವರು ಬಾಬಾಸಾಹೇಬರ ಹತ್ತಿರ ಹೋಗಬೇಕು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು 'ಭಾರತದಲ್ಲಿ ಜಾತಿಗಳು' ಅನ್ನುವ ಪ್ರಬಂಧ ಓದಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ, ಇಲ್ಲಿ ಕುಂತ ಎಂ.ಎ. ಹುಡುಗರಿಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೆ. ಜಾತಿಯ ತಿರುಳು ಇರುವುದು ಮುಟ್ಟು ಮೈಲಿಗೆಯಲ್ಲೂ ಅಲ್ಲ, ಕಸುಬಿನಲ್ಲೂ ಅಲ್ಲ, ಒಳಗೊಳಗೇ ಮದುವೆ ಮಾಡಿಕೊಳ್ಳುವ ಕಟ್ಟಿನಲ್ಲಿ ಅಂತ ಅವರು ತೋರಿಸಿದರು. ಈಗ ಹಂದಿಗೋಡಿಗೆ ಬನ್ನಿ. ಎಂದೋ ಒಂದು ಕಾಲದಲ್ಲಿ ಒಬ್ಬ ಹಿರಿಯನ ಅಥವಾ ಹಿರಿಯಳ ಜೀನಿನಲ್ಲಿ ತಪ್ಪು ಬಿದ್ದಿರಬೇಕು. ಆ ತಪ್ಪನ್ನು ಜಾತಿ ಹುಟ್ಟಿಸಲಿಲ್ಲ. ಆದರೆ ಅದನ್ನು ಕೆಲವೇ ಮನೆಗಳ ದೊಡ್ಡಿಯೊಳಗೆ ಕೂಡಿ ಹಾಕಿದ್ದು ಜಾತಿ. ಮಲೆನಾಡಿನಲ್ಲಿ ಚದುರಿದ ಸಣ್ಣ ಸಣ್ಣ ಕೇರಿಗಳು, ಹೆಣ್ಣು ತರುವುದು ಕೊಡುವುದು ಅದೇ ನಾಲ್ಕು ಕೇರಿಗಳ ನಡುವೆ. ಬೇಲಿ ಹಾಕಿದವರೇ ಆಮೇಲೆ ಬಂದು, "ನೋಡ್ರಿ, ಇವರಲ್ಲೇ ಯಾಕ ಬರ್ತದ" ಅಂತ ಕೇಳುತ್ತಾರೆ!

ಇನ್ನೂ ಒಂದು ಇದೆ, ನಮ್ಮ ಲೆಕ್ಕದಲ್ಲಿ ಇದೇ ಮುಖ್ಯ. ಅದೇ ಜೀನು ಒಬ್ಬ ಅಧಿಕಾರಿಯ ಮನೆಯಲ್ಲಿದ್ದರೆ ಏನಾಗುತ್ತಿತ್ತು? ಹುಡುಗನಿಗೆ ಹತ್ತನೇ ವರ್ಷಕ್ಕೆ ಎಕ್ಸ್‌ರೇ ಆಗುತ್ತಿತ್ತು. ಕುರ್ಚಿ ಮೇಜಿನ ಕೆಲಸ ಸಿಗುತ್ತಿತ್ತು. ಕೀಲು ಸವೆದಾಗ ದೊಡ್ಡ ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಿಸುತ್ತಿದ್ದರು. ಕುಂಟುತ್ತಾ ಆದರೂ ಸಂಜೆ ವಾಕಿಂಗ್ ಹೋಗುತ್ತಿದ್ದ. ಕೂಲಿಯವನು ಅದೇ ಸೊಂಟವನ್ನು ಹೊತ್ತುಕೊಂಡು ಮಳೆಯಲ್ಲಿ, ಮೊಣಕಾಲಿನವರೆಗೆ ಕೆಸರಿನಲ್ಲಿ, ಬಗ್ಗಿ ನಾಟಿ ಮಾಡಬೇಕು. ನಿಂತರೆ ಕೂಲಿ ಇಲ್ಲ. ರೋಗ ಕೊಟ್ಟದ್ದು ವಂಶವಾಹಿ, ತೆವಳಿಸಿದ್ದು ಭೂಮಿ ಇಲ್ಲದಿರುವುದು.

ದಕ್ಷಿಣ ಆಫ್ರಿಕಾದಲ್ಲಿ ಜುಲು ನಾಡಿನ ಉತ್ತರಕ್ಕೆ ಮ್ಸೆಲೆನಿ ಅನ್ನೋ ಜಾಗ ಇದೆ. ಅಲ್ಲಿನ ಕಪ್ಪು ಜನರಲ್ಲೂ ಸೊಂಟದ ಕೀಲು ಸವೆಯುವ ಇಂಥದೇ ಕಾಯಿಲೆ ಇದೆ ಅಂತ 1970ರಲ್ಲಿ ವೈದ್ಯರು ಬರೆದರು. ಇವೆರಡೂ ಒಂದೇ ಇರಬಹುದೇ ಅಂತ 1997ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಶ್ನೆ ಎತ್ತಿದರು. ವರ್ಣಭೇದದ ಆಡಳಿತ ಮೂಲೆಗೆ ತಳ್ಳಿದ ಜನ ಅಲ್ಲಿ, ಜಾತಿ ಮೂಲೆಗೆ ತಳ್ಳಿದ ಜನ ಇಲ್ಲಿ. ಎರಡೂ ಕಡೆ ರೋಗಕ್ಕೆ ಊರಿನ ಹೆಸರು. ನಮ್ಮ ಶಿವಮೊಗ್ಗದ್ದೇ ಇನ್ನೊಂದಿದೆ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನದು, 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಮಂಗನ ಕಾಯಿಲೆ. ಕಾಡಿನ ಉಣ್ಣಿ ಕಚ್ಚಿ ಬರುವ ವೈರಸ್ಸು ಅದು, ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಕಟ್ಟಿಗೆಗೆ, ತರಗಿಗೆ ಕಾಡಿಗೆ ಹೋಗುವವರು ಯಾರು ಅಂತ ಬೇರೆ ಹೇಳಬೇಕೆ? ಕಂಪನಿಯ ಹೆಸರಿನ ರೋಗ, ಸರ್ಕಾರದ ಹೆಸರಿನ ರೋಗ ನಾವು ಕೇಳಿಲ್ಲ. ಬಡವರ ಊರಿನ ಹೆಸರಿನವೇ. ಆಮೇಲೆ ಆ ಊರಿನ ಆರೋಗ್ಯವಂತ ಹುಡುಗಿಗೂ ಗಂಡು ಸಿಗುವುದು ಕಷ್ಟ.

ಈಚೆಗೆ ಟಿ.ವಿ.ಯಲ್ಲಿ ನೀವು ನೋಡಿರಬಹುದು. ಸ್ನಾಯು ಬಲಹೀನವಾಗುವ ಅಪರೂಪದ ಕಾಯಿಲೆಯ ಕೂಸಿಗೆ ಸುಮಾರು 16 ಕೋಟಿ ರೂಪಾಯಿಯ ಒಂದು ಇಂಜೆಕ್ಷನ್ ಬೇಕು, ಎಲ್ಲರೂ ಹಣ ಹಾಕಿರಿ ಅಂತ. ಆ ಕೂಸು ಬದುಕಲಿ. ಅದರ ತಾಯಿಯ ಸಂಕಟ ನಮ್ಮದೂ ಹೌದು. ಒಂದು ಗುಳಿಗೆ, ಒಂದು ಕೋಲು, ಒಂದು ಗಾಲಿಕುರ್ಚಿ, ತಿಂಗಳ ಮಾಸಾಶನ ಕೇಳುವವರ ಮುಖ ಮಾತ್ರ ಟಿ.ವಿ.ಗೆ ಹಿಡಿಸುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳಿಗೆ ಒಂದು ರಾಷ್ಟ್ರೀಯ ನೀತಿ ಮಾಡಿದೆ, ಗೊತ್ತುಮಾಡಿದ ದೊಡ್ಡ ಆಸ್ಪತ್ರೆಗಳ ಮೂಲಕ ನೆರವು ಕೊಡುವಂಥದ್ದು. ಹಂದಿಗೋಡು ಕಾಯಿಲೆಯನ್ನು ಬುಡದಿಂದ ವಾಸಿ ಮಾಡುವ ಮದ್ದು ಇಲ್ಲ. ಇಲ್ಲ ಅಂತ ನೇರವಾಗಿ ಹೇಳಬೇಕು, ಇಲ್ಲದಿದ್ದರೆ ಮದ್ದು ಕೊಡುತ್ತೇವೆ ಅಂತ ಬರುವ ಕಳ್ಳ ವೈದ್ಯರು ಇದ್ದ ಆಡನ್ನೂ ಮಾರಿಸುತ್ತಾರೆ. ನೋವು ಇಳಿಸಬಹುದು, ವ್ಯಾಯಾಮ ಕಲಿಸಬಹುದು, ಕೆಲವರಿಗೆ ಕೀಲು ಬದಲಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಪ್ಪತ್ತೊಂದು ಬಗೆಯ ಅಂಗವೈಕಲ್ಯ ಎಣಿಸಿದ್ದಾರೆ. ಕುಳ್ಳತನ ಇದೆ, ಚಲನೆಯ ಊನ ಇದೆ, ಹಿಮೋಫಿಲಿಯಾ ಇದೆ. ಸರ್ಕಾರಿ ನೌಕರಿಯಲ್ಲಿ ನೂರಕ್ಕೆ ನಾಲ್ಕು, ಸರ್ಕಾರಿ ಮತ್ತು ಅನುದಾನಿತ ಕಾಲೇಜು ಸೀಟಿನಲ್ಲಿ ನೂರಕ್ಕೆ ಐದು ಮೀಸಲು. ಎಸ್.ಸಿ. ಸರ್ಟಿಫಿಕೇಟು ಇದ್ದವನು ಇದನ್ನೂ ತೆಗೆಸಬಹುದು. ಒಂದಿದ್ದರೆ ಇನ್ನೊಂದು ಇಲ್ಲ ಅಂತ ಟೇಬಲ್ಲಿನಲ್ಲಿ ಯಾರಾದರೂ ಹೇಳಿದರೆ ಬರಹದಲ್ಲಿ ಕೊಡ್ರಿ ಅನ್ನಿರಿ.

ಕೊನೆಗೆ ನಮ್ಮ ನೆಲದ ಮಾತು. ಸೊಂಟ ಬೆನ್ನು ಬಾಗುವುದು ಮಲೆನಾಡಿನದಷ್ಟೇ ಅಂತ ತಿಳಿಯಬೇಡಿ. ನಮ್ಮ ಗದಗ ಜಿಲ್ಲೆಯಲ್ಲಿ, ಮುಂಡರಗಿಯ ಕಡೆ ಹೆಚ್ಚಾಗಿ, ಬೋರಿನ ನೀರಿನಾಗ ಫ್ಲೋರೈಡ್ ಐತಿ. ನೆಲದಡಿಯ ಕಲ್ಲಿನಿಂದ ನೀರಿಗೆ ಇಳಿಯುತ್ತದೆ. ಮೊದಲು ಮಕ್ಕಳ ಹಲ್ಲಿನ ಮ್ಯಾಲೆ ಕಂದು ಪಟ್ಟಿ. ತಂಬಾಕು ತಿಂತಾನ, ಹಲ್ಲು ತಿಕ್ಕೂದಿಲ್ಲ ಅಂತ ಮಾಸ್ತರರು ಬೈದಿರುತ್ತಾರೆ. ವರ್ಷಗಟ್ಟಲೆ ಕುಡಿದರೆ ಮೂಳೆಗೆ ಸೇರಿ ಬೆನ್ನು ಕುತ್ತಿಗೆ ಮರಗಟ್ಟುತ್ತದೆ. ಇದು ವಂಶದ್ದಲ್ಲ, ನೀರಿನದು. ಹಂದಿಗೋಡಿಗೆ ಹೋದರಲ್ಲ ಕೃಷ್ಣಮಾಚಾರಿ, ಅವರೇ 1973ರಲ್ಲಿ ಫ್ಲೋರೈಡ್ ನೀರಿನ ಸೀಮೆಯಲ್ಲಿ ಹರೆಯದವರ ಮೊಣಕಾಲು ಒಳಕ್ಕೆ ಬಾಗಿದ್ದನ್ನು ಕುರಿತು ಬರೆದಿದ್ದರು. ಈ ಹಂದಿಗೋಡು ಅಪರೂಪ, ಇದು ಅಪರೂಪವಲ್ಲ. ಆದರೂ ಬಹಳ ಮನೆಗಳಲ್ಲಿ ಇದಕ್ಕೆ ವಯಸ್ಸಾಯಿತು, ವಾಯು ಹಿಡಿಯಿತು ಅಂತಲೇ ಹೆಸರು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನೂ ದಟ್ಟವಾಗುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ತನಕ. ಅದಕ್ಕೂ ಮೇಲೆ ಹೋದ ಬೋರು ಕುಡಿಯಲಿಕ್ಕೆ ಅಲ್ಲ.

ಆದ್ದರಿಂದ ರಜೆಗೆ ಊರಿಗೆ ಹೋಗುವವರು ಒಂದು ಕೆಲಸ ಮಾಡಿರಿ. ನಮ್ಮ ಕೇರಿಯ ಬೋರಿನ ನೀರು ಒಂದು ಬಾಟಲಿ, ಮೇಲಿನ ಓಣಿಯದು ಒಂದು ಬಾಟಲಿ. ಪ್ಲಾಸ್ಟಿಕ್ ಬಾಟಲಿ ಇರಲಿ, ಗಾಜಿನದು ಬೇಡ. ಅದೇ ನೀರಿನಿಂದ ಎರಡು ಸಲ ತೊಳೆದು ತುಂಬಿರಿ. ಮೇಲೆ ಊರು, ಓಣಿ, ತಾರೀಖು ಬರೆದು ಅಂಟಿಸಿರಿ. ಜಿಲ್ಲೆಯ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ನಾವು ಒಟ್ಟಿಗೆ ಒಯ್ಯುತ್ತೇವೆ, ರಸೀದಿ ತಗೋತೇವೆ. ಮನೆಯಲ್ಲಿ ಸೊಂಟ ಹಿಡಿದವರು, ಮೂರ್ಛೆ ಬರುವವರು, ಬೆಳೆಯದ ಮಕ್ಕಳು ಇದ್ದರೆ ಅವರ ವಯಸ್ಸು, ಯಾವಾಗ ಸುರುವಾಯಿತು, ಅಪ್ಪ ಅವ್ವ ಅಜ್ಜ ಅಜ್ಜಿಯರಲ್ಲಿ ಯಾರಿಗಿತ್ತು ಅಂತ ಬರೆದುಕೊಂಡು ಬನ್ನಿ. ಹೆಸರು ಬೇಡ, ಅವರ ಒಪ್ಪಿಗೆ ಬೇಕು. ವಾರ್ಡನ್ನರಿಗೆ ಕೊಡುವ ಅರ್ಜಿ ಇಲ್ಲೇ ಬರೆದಿಟ್ಟಿದ್ದೇವೆ: ನಡೆಯಲಾರದ ವಿದ್ಯಾರ್ಥಿಗೆ ಕೆಳಗಿನ ಕೋಣೆ, ಕುಕ್ಕರಗಾಲಲ್ಲಿ ಕೂರಲಾರದವನಿಗೆ ಕುರ್ಚಿಯಂಥ ಪಾಯಖಾನೆ ಒಂದಾದರೂ. ಓದಿ ಸಹಿ ಮಾಡಿರಿ. ಪೆನ್ನು ಎರಡೇ ಅದಾವ, ಒಬ್ಬರಾದ ಮ್ಯಾಲೆ ಒಬ್ಬರು ಬರ್ರಿ.

ಜೈ ಭೀಮ್.